ಎರಡನೆಯ ಹನಿ

ಮೊದಲ ಸಲ ಅಕ್ಕನ ಬೆರಳು ಚುಚ್ಚಿದಾಗ ಶುಗರ್ ಯಂತ್ರದಲ್ಲಿ ಬಂದ ಅಂಕಿ ನಾನೂರ ಹನ್ನೆರಡು. ಅದು ಖಂಡಿತ ನೆನಪಿದೆ. ಅವತ್ತು ಬಿಸಿಲಿತ್ತೋ ಮೋಡವಿತ್ತೋ, ಭಾವ ಮನೆಯಲ್ಲಿದ್ದರೋ ನೀರಿನ ಟ್ಯಾಂಕರಿಗೆ ಕೊಡ ಹಿಡಿದು ಹೋಗಿದ್ದರೋ, ಗೊತ್ತಿಲ್ಲ. ಈ ಬರಹದ ಹಿಂದಿನ ಒಂದು ಪ್ರತಿಯಲ್ಲಿ ಬಿಸಿಲು ಹಾಕಿದ್ದೆ. ಕಿಟಕಿಯಿಂದ ಬಿದ್ದ ಬೆಳಕಿನಲ್ಲಿ ರಕ್ತದ ಹನಿ ಹೊಳೆಯಿತು ಎಂದು ಬರೆದಿದ್ದೆ. ಓದಲು ಚೆನ್ನಾಗಿತ್ತು. ಆದರೆ ಅಕ್ಕನ ಮನೆಯ ಕಿಟಕಿಗೆ ಬಿಸಿಲು ಬೀಳುವುದೇ ಇಲ್ಲ. ಮುಂದಿನ ಸಾಲಿನ ಮನೆಗಳ ಗೋಡೆ ಅಡ್ಡ ಇದೆ. ಹೊಡೆದು ಹಾಕಿದೆ.

ಅಂಕಿ ಬರೆಯುವುದು ನನ್ನ ಕೆಲಸ. ಬಂಗಾರಪೇಟೆಯ ಪಕ್ಕದ ನಮ್ಮೂರ ಹಾಲಿನ ಡೈರಿಯಲ್ಲಿ ಇಪ್ಪತ್ತು ವರ್ಷದಿಂದ ಟೆಸ್ಟರ್ ಆಗಿದ್ದೇನೆ. ಬೆಳಿಗ್ಗೆ ಮತ್ತು ಸಂಜೆ ಊರಿನವರು ತರುವ ಹಾಲನ್ನು ಪರೀಕ್ಷೆ ಮಾಡಿ ಪುಸ್ತಕದಲ್ಲಿ ಬರೆಯುತ್ತೇನೆ. ನಡುವಿನ ಹೊತ್ತಿನಲ್ಲಿ ಕತೆ ಬರೆಯುತ್ತೇನೆ. ಅದನ್ನು ಊರಿನಲ್ಲಿ ಯಾರೂ ಕೆಲಸವೆಂದು ಹಿಡಿದಿಲ್ಲ. ಡೈರಿಗೆ ಈಗ ಯಂತ್ರ ಬಂದಿದೆ, ಆದರೂ ಅನುಮಾನ ಹುಟ್ಟಿಸುವ ಹಾಲಿಗೆ ಹಳೆಯ ಲ್ಯಾಕ್ಟೋಮೀಟರನ್ನೇ ಬಿಡುತ್ತೇನೆ. ಗಾಜಿನ ಕಡ್ಡಿಯಂಥದ್ದು. ಗಟ್ಟಿ ಹಾಲಿನಲ್ಲಿ ಮೇಲೆ ತೇಲುತ್ತದೆ, ನೀರು ಬೆರೆತಿದ್ದರೆ ಕೆಳಗಿಳಿಯುತ್ತದೆ. ನಿಜ ಹೇಳಬೇಕೆಂದರೆ ಅದೂ ನನಗೆ ಬೇಕಿಲ್ಲ. ಜಾಡಿಯ ಒಳಗೋಡೆಯ ಮೇಲೆ ಹಾಲು ಇಳಿಯುವುದನ್ನು ನೋಡಿದರೆ ಸಾಕು. ನೀರು ಬೆರೆತ ಹಾಲು ಗಾಜಿಗೆ ಅಂಟುವುದಿಲ್ಲ, ಅವಸರ ಅವಸರವಾಗಿ ಇಳಿದುಹೋಗುತ್ತದೆ. ಇದನ್ನು ಮೊದಲೇ ಯಾಕೆ ಬರೆಯುತ್ತಿದ್ದೇನೆಂದರೆ, ಮುಂದೆ ಎಲ್ಲಾದರೂ 'ನನಗೆ ಗೊತ್ತಾಗಲಿಲ್ಲ' ಎಂದು ಬರೆಯಲು ದಾರಿ ಉಳಿಯಬಾರದು.

ನಮ್ಮ ಡೈರಿಯಲ್ಲಿ ಒಂದು ಪದ್ಧತಿ ಇದೆ. ಯಾರದಾದರೂ ಹಾಲಿಗೆ ಲ್ಯಾಕ್ಟೋಮೀಟರಿನಲ್ಲಿ ಇರಬೇಕಾದಷ್ಟು ಡಿಗ್ರಿ ಬರದೆ ಹೋದರೆ ಅವರು 'ಎರಡನೇದು' ಕೇಳಬಹುದು. ಕ್ಯಾನನ್ನು ಚೆನ್ನಾಗಿ ಕಲಕಿ, ಜಾಡಿ ತೊಳೆದು, ಇನ್ನೊಂದು ಸಲ ಹಾಲು ತೆಗೆದು ನೋಡುವುದು. ಎರಡರಲ್ಲಿ ಯಾವುದು ಒಳ್ಳೆಯದೋ ಅದನ್ನು ಬರೆಯುವುದು. ಇದು ಯಾವ ನಿಯಮದ ಪುಸ್ತಕದಲ್ಲೂ ಇಲ್ಲ, ನನಗಿಂತ ಮುಂಚಿನ ಟೆಸ್ಟರೂ ಹೀಗೇ ಮಾಡುತ್ತಿದ್ದರು.

"ಅಣ್ಣಾ, ಎರಡನೇದ್ ನೋಡಣ್ಣಾ. ಕ್ಯಾನ್ ತೊಳ್ದಾಗ ಒಸಿ ನೀರ್ ಉಳ್ಕಂಡಿರ್ತೈತೆ" ಎನ್ನುತ್ತಾಳೆ ಸಾಲಿನಲ್ಲಿ ನಿಂತ ಹೆಂಗಸು.

"ಒಸಿ ಅಂದ್ರೆ ಎಷ್ಟಕ್ಕಾ? ಒಂದ್ ಚೊಂಬಾ?" ಎನ್ನುತ್ತೇನೆ ನಾನು.

"ನಾನೇನ್ ಆಕಿಲ್ಲಪ್ಪಾ, ನಮ್ಮ ಅಸೂನೇ ನೀರ್ ಜಾಸ್ತಿ ಕುಡ್ದೈತೆ."

ಸಾಲೆಲ್ಲ ನಗುತ್ತದೆ. ನಾನು ಎರಡನೆಯದನ್ನು ನೋಡುತ್ತೇನೆ, ಸ್ವಲ್ಪ ಮೇಲಿದ್ದರೆ ಅದನ್ನೇ ಬರೆಯುತ್ತೇನೆ. ಇದನ್ನು ನಾನು ಇಷ್ಟು ವರ್ಷ ಒಳ್ಳೆಯತನ ಎಂದುಕೊಂಡಿದ್ದೆ. ಕೆಲವು ಸಲ ಅದು ಒಳ್ಳೆಯತನವೇ ಆಗಿತ್ತು ಕೂಡ. ಕಲಕದ ಕ್ಯಾನಿನಲ್ಲಿ ಮೊದಲ ಅಳತೆ ತಪ್ಪೇ ಇರುತ್ತದೆ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲಿ ಗಣಿಯವರ ಸಾಲುಮನೆಗೆ, ಅಲ್ಲಿಯವರ ಬಾಯಲ್ಲಿ ಲೈನ್ ಮನೆಗೆ, ಮದುವೆಯಾಗಿ ಹೋದವಳು. ಭಾವ ಗಣಿಯೊಳಗೆ ಇಳಿಯುತ್ತಿದ್ದವರು. ಗಣಿ ಮುಚ್ಚಿದ ಮೇಲೆ ಬಹಳ ವರ್ಷ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬಂದು ವಾಚ್‌ಮನ್ ಕೆಲಸ ಮಾಡಿ, ಈಗ ಮನೆಯಲ್ಲಿದ್ದಾರೆ. ಅಕ್ಕ ಬ್ಲೌಸ್ ಹೊಲಿಯುತ್ತಾಳೆ. ಬಾಗಿಲ ಪಕ್ಕದಲ್ಲೇ ಕಾಲಲ್ಲಿ ತುಳಿಯುವ ಮಿಷನ್ನು. ಆ ಸಾಲಿನ ಹೆಂಗಸರೆಲ್ಲರ ತೋಳಿನ ಅಳತೆ ಅವಳಿಗೆ ಬಾಯಿಪಾಠ. ಬಲಗಾಲು ಪೆಡಲ್ಲಿನ ಮೇಲಿದ್ದರೆ ಅವಳಿಗೆ ಮಾತು ಬರುತ್ತದೆ, ಕಾಲು ನಿಂತರೆ ಮಾತೂ ನಿಲ್ಲುತ್ತದೆ.

ಅವಳು ಚಿಕ್ಕಂದಿನಲ್ಲಿ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ತಿರುಗುತ್ತಿದ್ದಳು ಎಂದು ಇಲ್ಲಿ ಬರೆಯಲು ಕೈ ಹೋಗುತ್ತದೆ. ಆ ಚಿತ್ರ ನನ್ನದಲ್ಲ, ಅಮ್ಮ ಹೇಳಿದ್ದು. ನನ್ನ ತಪ್ಪಿಗೆ ತೂಕ ಬರಲಿ ಎಂದು ಅದನ್ನು ಎಳೆದು ತರುತ್ತಿದ್ದೇನೆ. ಬಿಡುತ್ತೇನೆ. ತಪ್ಪಿಗೆ ತೂಕ ಸಾಕಷ್ಟಿದೆ.

ಅವಳಿಗೆ ಸಕ್ಕರೆ ಕಾಯಿಲೆ ಬಂದು ಕೆಲವು ವರ್ಷ ಆಗಿತ್ತು. ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟಿದ್ದರು, ಸಕ್ಕರೆ ಬಿಡಲು ಹೇಳಿದ್ದರು. ಅಕ್ಕ ಅನ್ನ ಕಮ್ಮಿ ಮಾಡಿದಳು, ಹಬ್ಬದ ಹೋಳಿಗೆಯನ್ನು ನೋಡಿ ಸುಮ್ಮನಿದ್ದಳು. ಕಾಫಿ ಮಾತ್ರ ಆಗಲಿಲ್ಲ. ದಿನಕ್ಕೆ ನಾಲ್ಕು ಲೋಟ, ಹೊಲಿಗೆ ನಡುವೆ. ಸಿಹಿ ಇಲ್ಲದ ಕಾಫಿಯನ್ನು ಒಂದು ವಾರ ಕುಡಿದು, "ಇದು ಪಾತ್ರೆ ತೊಳ್ದ್ ನೀರಿದ್ದಂಗೈತೆ ಕಣ್ಲಾ" ಎಂದಳು.

ಆಗ ನಾನು ಫೋನಿನಲ್ಲಿ ಓದತೊಡಗಿದೆ. ಬಂಗಾರಪೇಟೆಯ ಪ್ಲಾಟ್‌ಫಾರಂನಲ್ಲಿ ಅಕ್ಕನ ಮನೆ ಕಡೆಗೆ ಹೋಗುವ ಮಾರಿಕುಪ್ಪಂ ಗಾಡಿಗೆ ಕಾಯುತ್ತಾ ಓದಿದ್ದು ಹೆಚ್ಚು. ತಾಟಿಬೆಲ್ಲ, ಜೇನುತುಪ್ಪ, ಖರ್ಜೂರದ ಪುಡಿ, ಸಿಹಿ ಎಲೆಯ ಗಿಡ. ಎಲ್ಲವೂ ಸಹಜ, ಎಲ್ಲವೂ ಪ್ರಕೃತಿಯದು. ಪೇಟೆಯ ಅಂಗಡಿಯವನು ತಾಟಿಬೆಲ್ಲದ ಅಚ್ಚನ್ನು ಕಾಗದದಲ್ಲಿ ಸುತ್ತುತ್ತಾ, "ಶುಗರ್ ಇರೋರೆಲ್ಲ ಇದನ್ನೇ ತಗಂಡೋಗ್ತಾರೆ ಸಾರ್" ಎಂದ. ತಾಳೆಮರದ ನೀರಾ ಕಾಯಿಸಿ ಮಾಡಿದ್ದು, ಕಪ್ಪಗಿತ್ತು, ಹೊಗೆಯ ವಾಸನೆ ಇತ್ತು. ನನ್ನ ವಿಜ್ಞಾನ ಅಷ್ಟೇ: ಸಕ್ಕರೆ ಬಿಳಿ, ಇದು ಕಪ್ಪು, ಕೆಟ್ಟದ್ದು ಬಿಳಿಯದು.

ಅಕ್ಕ ಅಚ್ಚನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು. ಭಾವ ಮೂಲೆಯ ಕುರ್ಚಿಯಿಂದಲೇ ನೋಡಿ ನಕ್ಕರು. ಅವರ ಕನ್ನಡದಲ್ಲಿ ಅರ್ಧ ಲೈನಿನ ತಮಿಳು. ಭಾಮೈದನಾದ ನಾನು ಅವರಿಗೆ ಯಾವಾಗಲೂ ಮಚ್ಚಾ.

"ಏನ್ ಮಚ್ಚಾ, ಕರುಪಟ್ಟಿನಾ? ನಮ್ಮಮ್ಮಂಗೆ ಶುಗರ್ ಬಂದಾಗ ಇದನ್ನೂ ಬಿಡು ಅಂದಿದ್ರಲ್ಲ ಆಸ್ಪತ್ರೇಲಿ."

"ಅದು ಹಳೇ ಕಾಲ ಭಾವ. ಇದು ನ್ಯಾಚುರಲ್ಲು."

"ನಾಗರಾವೂ ನ್ಯಾಚುರಲ್ಲೇ ತಾನೇ."

"ನೀವ್ ಸುಮ್ನಿರಿ" ಎಂದಳು ಅಕ್ಕ. "ಅವ್ನು ಓದ್ಕಂಡಿರೋನು. ನೀವೇನ್ ಓದಿದ್ದೀರ, ರೈಲ್ ಟಿಕೀಟಾ?"

ಭಾವ ಆಮೇಲೆ ಆ ವಿಷಯ ಎತ್ತಲಿಲ್ಲ. ಸರಿಯಾದ ಮಾತು ಆ ಮನೆಯಲ್ಲಿ ಮೊದಲ ದಿನವೇ ಬಂದುಹೋಗಿತ್ತು, ತಮಾಷೆಯಾಗಿ. ನಾವು ಮೂವರೂ ನಕ್ಕೆವು.

ಸಿಹಿ ಎಲೆಯ ಗಿಡವನ್ನೂ ಒಂದು ಡಬ್ಬದಲ್ಲಿ ನೆಟ್ಟು ತಂದುಕೊಟ್ಟಿದ್ದೆ. ಅಕ್ಕ ಒಂದು ಎಲೆ ಅಗಿದು ಮುಖ ಕಿವುಚಿದಳು. "ಇದು ಸಿಹಿ ಅಲ್ಲ ಕಣ್ಲಾ. ಸಿಹಿ ಇದ್ದಂಗೆ ನಾಟ್ಕ ಆಡ್ತೈತೆ, ಕೊನೀಗೆ ಕಷಾಯ." ಗಿಡ ಹೊರಗಿನ ಕಟ್ಟೆಯ ಮೇಲೆ ಉಳಿಯಿತು. ಪಕ್ಕದ ಮನೆಯ ಆಡು ಒಂದೇ ದಿನದಲ್ಲಿ ಅದನ್ನು ಬೋಳು ಮಾಡಿತು. ನಾನು ಇನ್ನೊಂದು ಗಿಡ ತರಲಿಲ್ಲ.

ಶುಗರ್ ನೋಡುವ ಯಂತ್ರ ತಂದದ್ದು ನಾನೇ. ತಿಂಗಳಿಗೆ ಎರಡು ಭಾನುವಾರ, ಬೆಳಗಿನ ಹಾಲು ಮುಗಿಸಿ ಗಾಡಿ ಹತ್ತಿ, ಚಾಂಪಿಯನ್‌ನಲ್ಲಿ ಇಳಿದು, ಬೆರಳು ಚುಚ್ಚಿ ನೋಡಿ, ಉದ್ದನೆಯ ಪುಸ್ತಕದಲ್ಲಿ ಬರೆಯುತ್ತಿದ್ದೆ. ಡೈರಿಯಲ್ಲಿ ಬಳಸುವಂಥದೇ ಪುಸ್ತಕ, ತಾರೀಖಿಗೊಂದು ಗೆರೆ, ಅಂಕಿಗೊಂದು ಗೆರೆ. ಆಸ್ಪತ್ರೆಗೆ ಹೋಗುವಾಗ ಅಕ್ಕ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಹೋಗುತ್ತಿದ್ದಳು.

ಆ ಮೊದಲ ನಾನೂರ ಹನ್ನೆರಡಕ್ಕೆ ಬರುತ್ತೇನೆ. ಅಂಕಿ ನೋಡಿ ಇಬ್ಬರೂ ಹೆದರಿದೆವು. ಆಮೇಲೆ ನನಗೆ ಹೊಳೆಯಿತು: ಸ್ವಲ್ಪ ಮುಂಚೆ ಅಕ್ಕ ನನ್ನ ಕಾಫಿಗೆ ತಾಟಿಬೆಲ್ಲವನ್ನು ಬೆರಳಲ್ಲೇ ಮುರಿದು ಹಾಕಿದ್ದಳು. ಬೆರಳಿಗೆ ಬೆಲ್ಲ ಅಂಟಿತ್ತು. ಕೈ ತೊಳೆದು ಬಾ ಎಂದೆ. ತೊಳೆದು, ಸೆರಗಿನಲ್ಲಿ ಚೆನ್ನಾಗಿ ಒರೆಸಿಕೊಂಡು ಬಂದಳು. ಇನ್ನೊಂದು ಬೆರಳು ಚುಚ್ಚಿದೆ. ಇನ್ನೂರ ಹದಿನಾಲ್ಕು.

"ನೋಡಕ್ಕಾ, ನಿನ್ ಬೆರಳೇ ಬೆಲ್ಲ" ಎಂದೆ. ಅಕ್ಕ ಬೆರಳನ್ನು ಬಾಯಿಗಿಟ್ಟು ಚೀಪಿ ನಕ್ಕಳು.

ಅವತ್ತು ನಾನು ಹೇಳಿದ್ದು ಸರಿ. ಎರಡನೆಯ ಹನಿಯೇ ನಿಜವಾದ ಹನಿ. ಸರಿ ಇದ್ದುದೇ ಮುಂದೆ ತೊಂದರೆಯಾಯಿತು. ಒಂದು ಸಲ ಕೆಲಸಕ್ಕೆ ಬಂದ ವಿವರಣೆಯನ್ನು ನಾನು ಕೈಬಿಡಲಿಲ್ಲ.

ಆಮೇಲಿನ ಭಾನುವಾರಗಳು ಒಂದರೊಳಗೊಂದು ಕಲಸಿಹೋಗಿವೆ. ಬಿಡಿಸಿ ಬರೆಯಲು ಕೂತಾಗ ಮೊದಲ ಪ್ರತಿಯಲ್ಲಿ ಹೀಗೆ ಬಂತು: 'ಇನ್ನೂರ ತೊಂಬತ್ತು ಬಂತು. ಕೈ ತೊಳೆಯಲು ಹೇಳಿದೆ. ಅವಳು ಒದ್ದೆ ಕೈಯಲ್ಲೇ ಬಂದಳು. ಗಾಡಿಗೆ ಹೊತ್ತಾಗಿತ್ತು, ಅವಸರದಲ್ಲಿ ಚುಚ್ಚಿದೆ. ನೂರ ಎಂಬತ್ತೇಳು. ಬೆರಳಿನ ನೀರು ರಕ್ತಕ್ಕೆ ಸೇರಿದರೆ ಅಂಕಿ ಇಳಿಯುತ್ತದೆ ಎಂದು ಆಗ ನನಗೆ ತಿಳಿದಿರಲಿಲ್ಲ.'

ಎರಡು ದಿನ ಇದನ್ನು ಹಾಗೇ ಬಿಟ್ಟಿದ್ದೆ. ವಾಕ್ಯಗಳು ಚೆನ್ನಾಗಿ ಕೂತಿದ್ದವು. ಅವಸರದ ಮನುಷ್ಯ, ಗಾಡಿ, ತಿಳಿಯದ ವಿಷಯ. ಅಷ್ಟು ಚೆನ್ನಾಗಿ ಕೂತಿದ್ದರಿಂದಲೇ ಅನುಮಾನ ಬಂತು. ಭಾನುವಾರ ಹಿಂದಕ್ಕೆ ಹೋಗುವ ಗಾಡಿಗೆ ನಾನೆಂದೂ ಅವಸರ ಮಾಡಿದವನಲ್ಲ, ಅಕ್ಕನ ಮನೆಯಲ್ಲಿ ಉಂಡು ಮಲಗಿ ಎದ್ದು ಬರುತ್ತಿದ್ದೆ.

ನಡೆದದ್ದು ಇದು. ಒದ್ದೆ ಬೆರಳ ಮೇಲಿನ ಆ ಹನಿ ಗುಂಡಗೆ ನಿಲ್ಲಲಿಲ್ಲ. ಬೆರಳ ಗೆರೆಗಳ ಉದ್ದಕ್ಕೂ ಹರಡಿತು, ಬಣ್ಣ ತೆಳ್ಳಗಾಯಿತು. ನಾನು ನೋಡಿದೆ. ಜಾಡಿಯಿಂದ ಅವಸರದಲ್ಲಿ ಇಳಿಯುವ ಹಾಲನ್ನು ಇಪ್ಪತ್ತು ವರ್ಷ ನೋಡಿದ ಕಣ್ಣು ಅದನ್ನೂ ನೋಡಿತು. ನೋಡಿ, ಯಂತ್ರಕ್ಕೆ ಸಿಕ್ಕಿಸಿದ ಪಟ್ಟಿಯನ್ನು ಹನಿಗೆ ಮುಟ್ಟಿಸಿದೆ, ನೂರ ಎಂಬತ್ತೇಳು ಎಂದು ಬರೆದೆ.

ಅಲ್ಲಿಗೇ ನಿಂತಿದ್ದರೆ ಕಣ್ತಪ್ಪು ಎನ್ನಬಹುದಿತ್ತೇನೋ. ಮುಂದಿನ ಸಲವೋ ಅದರ ಮುಂದಿನ ಸಲವೋ, ಅಕ್ಕ ಕೈ ತೊಳೆದು ಸೆರಗು ಹಿಡಿದಾಗ ನಾನೇ ಹೇಳಿದೆ: "ಒರೆಸ್ಕೋಬೇಡ ಅಕ್ಕಾ, ಬಟ್ಟೇಲಿ ಕೊಳೆ ಇರ್ತದೆ."

ಈ ಒಂದು ಮಾತಿಗೆ ನನ್ನ ಹತ್ತಿರ ಬೇರೆ ಅರ್ಥ ಇಲ್ಲ. ಹುಡುಕಿದ್ದೇನೆ.

ಯಾಕೆ ಮಾಡಿದೆ ಎಂಬುದಕ್ಕೂ ಎರಡು ಉತ್ತರ ಬರುತ್ತವೆ. ಅಕ್ಕನಿಗೆ ಉಳಿದಿದ್ದ ಒಂದೇ ಸುಖ ಆ ಕಾಫಿ, ಅದನ್ನು ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ ಎನ್ನುವುದು ಒಂದು. ಇದು ಎರಡನೆಯ ಹನಿ, ನೀರು ಬೆರೆತದ್ದು. ಮೊದಲನೆಯದು ಹೀಗಿದೆ: ತಾಟಿಬೆಲ್ಲ ನನ್ನ ಮಾತಾಗಿತ್ತು. ಅಷ್ಟು ಹೊತ್ತಿಗೆ ಡೈರಿಯ ಸಾಲಿನಲ್ಲೂ ಅದನ್ನು ಸಾರಿದ್ದೆ. ಹಾಲು ಹಾಕಲು ಬಂದವರು ಕ್ಯಾನು ಕೆಳಗಿಟ್ಟು ನನ್ನನ್ನು ಕೇಳುತ್ತಿದ್ದರು.

"ಜೇನ್‌ತುಪ್ಪ ತಿನ್ನಬೋದಾ ಅಣ್ಣಾ, ನಮ್ಮತ್ತೆಗೆ?"

"ಧಾರಾಳವಾಗಿ. ಸಕ್ಕರೆ ಮಾತ್ರ ಮುಟ್ಟಿಸ್ಬೇಡ."

"ನೋಡ್ರಪ್ಪಾ, ಆಲ್ ಡಾಕ್ಟ್ರು ಈಗ ರಕ್ತದ್ ಡಾಕ್ಟ್ರೂ ಆದ್ರು" ಎಂದು ಯಾರೋ ಹಿಂದಿನಿಂದ ಚುಡಾಯಿಸಿದರೆ ನನಗೆ ಒಳಗೊಳಗೇ ಖುಷಿ. ಕತೆ ಬರೆಯುವವನನ್ನು ಯಾರೂ ಏನೂ ಕೇಳಿರಲಿಲ್ಲ. ಈಗ ಕೇಳುತ್ತಿದ್ದರು. ಅಕ್ಕನ ಪುಸ್ತಕದ ಅಂಕಿಗಳು ನನಗೆ ಸಾಕ್ಷಿಯಾಗಿದ್ದವು. "ನಮ್ಮಕ್ಕಂಗೆ ನೂರ ಎಂಬತ್ತಕ್ಕೆ ಇಳಿದಿದೆ, ದಿನಕ್ಕೆ ನಾಲ್ಕು ಕಾಫಿ ಕುಡೀತಾಳೆ" ಎನ್ನುತ್ತಿದ್ದೆ. ಒಬ್ಬ ಮುದುಕಿ ಅತ್ತೆಯ ಮೈಯೊಳಗೆ ನನ್ನ ಜೇನುತುಪ್ಪ ಏನು ಮಾಡಿತೋ, ಕೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.

ಇನ್ನೊಂದು ಭಾನುವಾರ ಬ್ಲೌಸ್ ಬಟ್ಟೆ ಕೊಡಲು ಪಕ್ಕದ ಸಾಲಿನ ಇಬ್ಬರು ಹೆಂಗಸರು ಬಂದು ಕೂತಿದ್ದರು. ಮೊದಲ ಹನಿ ಮುನ್ನೂರು ದಾಟಿತು. ಅವರಿಬ್ಬರೂ ಯಂತ್ರದ ಕಡೆ ಬಗ್ಗಿ ನೋಡಿ, "ಅಯ್ಯೋ, ಮುನ್ನೂರಾ?" ಎಂದರು. ನನ್ನ ಪ್ರಯೋಗ ಪರರ ಮುಂದೆ ಸೋತಿತ್ತು.

"ಕೈ ಕೊಳೆ" ಎಂದೆ ಗಟ್ಟಿಯಾಗಿ. "ಎಷ್ಟು ಸಲ ಹೇಳೋದು ಅಕ್ಕಾ ನಿಂಗೆ? ಸರಿಯಾಗಿ ತೊಳ್ಕೊಂಡು ಬಾ."

ಅಕ್ಕ ಎದ್ದು ಹೋದಳು. ಅವಳ ಮುಖ ಹೇಗಿತ್ತು ಎಂದು ನಾನು ನೋಡಲಿಲ್ಲ. ನೋಡಿದ್ದರೆ ಈಗ ಬರೆಯಲು ಒಂದು ಮುಖವಾದರೂ ಇರುತ್ತಿತ್ತು. ಯಂತ್ರಕ್ಕೆ ಹೊಸ ಪಟ್ಟಿ ಸಿಕ್ಕಿಸುತ್ತಿದ್ದೆ.

ಪೆಡಲ್ಲಿನ ಮೇಲೆ ರಕ್ತದ ಕಲೆ ನೋಡಿದವರು ಭಾವ. ಅಕ್ಕನ ಬಲಗಾಲಿನ ಕಿರುಬೆರಳಿನ ಪಕ್ಕ ಚಪ್ಪಲಿಯ ಪಟ್ಟಿ ಉಜ್ಜಿ ಗಾಯವಾಗಿತ್ತು, ಎಷ್ಟು ದಿನದಿಂದಲೋ. ಅಕ್ಕನಿಗೆ ನೋವೇ ಆಗಿರಲಿಲ್ಲ. ಸಕ್ಕರೆ ಪಾದದ ಅರಿವನ್ನು ಮೊದಲು ತಿಂದುಬಿಡುತ್ತದೆ ಎಂದು ಆಮೇಲೆ ತಿಳಿಯಿತು. ಗಾಯ ಒಣಗಲಿಲ್ಲ. ಪಕ್ಕದ ಬೆರಳೂ ಕಪ್ಪಗಾಯಿತು. ಭಾವ ನನಗೆ ಫೋನು ಮಾಡಿ, "ಮಚ್ಚಾ, ಕಾಲಿಂದ ವಾಸ್ನೆ ಬರ್ತೈತೆ, ಬಾ" ಎಂದರು.

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅಕ್ಕನ ಪುಸ್ತಕವನ್ನು ಪ್ರತಿ ಸಲ ನೋಡಿ, ಪರವಾಗಿಲ್ಲ ಎಂದು ಅದೇ ಮಾತ್ರೆಗಳನ್ನು ಮುಂದುವರಿಸುತ್ತಿದ್ದವರು ಅವರೇ. ಈ ಸಲ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ ಮಾಡಿಸಿದರು. ವರದಿಯನ್ನು ಒಂದು ಕೈಯಲ್ಲಿ, ಪುಸ್ತಕವನ್ನು ಇನ್ನೊಂದು ಕೈಯಲ್ಲಿ ಹಿಡಿದು ಹೋಲಿಸಿ ನೋಡಿದರು.

"ಇದು ಇಬ್ಬರು ಬೇರೆ ಬೇರೆ ಪೇಷಂಟ್‌ಗಳ ಥರ ಇದೆ. ಇದನ್ನ ಬರೆದಿದ್ದು ಯಾರು?"

"ನನ್ ತಮ್ಮ" ಎಂದಳು ಅಕ್ಕ, ಕಾಲು ಮೇಲಿಟ್ಟುಕೊಂಡೇ ಬೆನ್ನು ನೆಟ್ಟಗೆ ಮಾಡಿ. "ಡೈರೀಲಿ ಟೆಸ್ಟ್ರು. ಒಂದ್ ಕಿತ ನೋಡಿ ಬಿಡಲ್ಲ, ಎರಡ್ ಕಿತ ನೋಡೇ ಬರಿಯೋದು. ತಪ್ಪಿರಲ್ಲಮ್ಮಾ ಅದ್ರಲ್ಲಿ."

ಡಾಕ್ಟರು ಯಂತ್ರ ಕೊಡಿ ಎಂದರು. ಅದರ ಗುಂಡಿಗಳನ್ನು ಒತ್ತುತ್ತಾ ಹೋದರು. ಆ ಯಂತ್ರ ಎಲ್ಲವನ್ನೂ ಇಟ್ಟುಕೊಳ್ಳುತ್ತದೆ ಎಂದು ನನಗೆ ಗೊತ್ತಿತ್ತೇ? ಡಬ್ಬಿಯ ಮೇಲೆ ಬರೆದಿತ್ತು, ಓದಿದ್ದೆ. ಮರೆತಿದ್ದೆ ಎಂದರೆ ನಂಬುವುದು ಕಷ್ಟ, ನೆನಪಿತ್ತು ಎಂದರೆ ಅದೂ ಪೂರ್ತಿ ನಿಜವಲ್ಲ. ಅಂಕಿಗಳು ಒಂದೊಂದಾಗಿ ಹಿಂದಕ್ಕೆ ಹೋದವು. ನೂರ ಎಪ್ಪತ್ತಾರು, ಮುನ್ನೂರ ಒಂದು. ನೂರ ತೊಂಬತ್ತು, ಇನ್ನೂರ ಎಂಬತ್ತೆಂಟು. ಎರಡೆರಡರ ಜೋಡಿ. ಅಕ್ಕನನ್ನು ನರ್ಸಮ್ಮನ ಜೊತೆ ಗಾಯಕ್ಕೆ ಬಟ್ಟೆ ಕಟ್ಟಿಸಲು ಕಳಿಸಿದರು. ಭಾವ ಜೊತೆಗೆ ಹೋದರು.

"ಪ್ರತಿ ಸಲ ಎರಡು ಸಲ ನೋಡಿದ್ದೀರಿ, ಐದು ನಿಮಿಷದ ಅಂತರದಲ್ಲಿ. ಬರೆದಿರೋದು ಯಾವಾಗಲೂ ಕಮ್ಮೀದು" ಎಂದರು ಡಾಕ್ಟರು.

"ಕೈ ತೊಳೆಸಿ ನೋಡ್ತಿದ್ದೆ ಮೇಡಂ. ಬೆಲ್ಲ ಅಂಟಿರ್ತದೆ ಅಂತ."

"ತೊಳೆದ ಮೇಲೆ ಒರೆಸ್ತಿದ್ರಾ?"

ನಾನು ಪುಸ್ತಕದ ಪ್ಲಾಸ್ಟಿಕ್ ಕವರನ್ನು ಮಡಿಸತೊಡಗಿದೆ. ಅವರು ಮುಂದಿನದು ಕೇಳಿದರು. "ಯಾವ ಬೆಲ್ಲ?"

"ತಾಟಿಬೆಲ್ಲ. ಕಾಫಿಗೆ."

"ಅದರಲ್ಲಿರೋದೂ ಹೆಚ್ಚುಕಮ್ಮಿ ಅದೇ ಸಕ್ಕರೇನೇ. ಒಂದಿಷ್ಟು ಕಬ್ಬಿಣ ಗಿಬ್ಬಿಣ ಇರಬಹುದು, ಆದರೆ ರಕ್ತಕ್ಕೆ ಹೋದ ಮೇಲೆ ಅದೇ. ಜೇನುತುಪ್ಪಾನೂ ಏರಿಸುತ್ತೆ, ಖರ್ಜೂರಾನೂ ಏರಿಸುತ್ತೆ."

"ಸಿಹಿ ಎಲೆ ಗಿಡ?"

"ಅದು ಏರಿಸಲ್ಲ. ಕೊಟ್ಟಿದ್ರಾ?"

"ಆಡು ತಿಂದುಬಿಡ್ತು."

ಅವರು ನಗಲಿಲ್ಲ. ಈ ಪುಸ್ತಕ ನಂಬಿ ಮಾತ್ರೆ ಹೆಚ್ಚಿಸಲಿಲ್ಲ, ಈ ಪರೀಕ್ಷೆಯನ್ನು ಮುಂಚೆಯೇ ಮಾಡಿಸಬೇಕಿತ್ತು, ಅದು ತಮ್ಮ ತಪ್ಪು ಎಂದರು. ತಮ್ಮ ಪಾಲನ್ನು ಅಷ್ಟು ಸುಲಭವಾಗಿ ಎತ್ತಿಕೊಂಡರು. ನನ್ನ ಪಾಲು ಮೇಜಿನ ಮೇಲೆ ಹಾಗೇ ಇತ್ತು.

"ಅಕ್ಕನಿಗೆ ನೀವು ಹೇಳ್ತೀರಾ, ನಾನು ಹೇಳ್ಲಾ?"

"ನಾನೇ ಹೇಳ್ತೀನಿ ಮೇಡಂ."

ಬಲಗಾಲಿನ ಎರಡು ಬೆರಳು ತೆಗೆದರು. ಇನ್ಸುಲಿನ್ ಶುರುವಾಯಿತು. ನಾನು ಹೇಳಲಿಲ್ಲ.

ಮೊದಲು ಗಾಯ ಮಾಯಲಿ ಎಂದುಕೊಂಡೆ, ಆಮೇಲೆ ಹೊಲಿಗೆ ಬಿಚ್ಚಲಿ ಎಂದುಕೊಂಡೆ. ವಾರಕ್ಕೆರಡು ಸಲ ಗಾಡಿ ಹತ್ತಿ ಹೋಗುತ್ತಿದ್ದೆ, ಮೊಸರು ತೆಗೆದುಕೊಂಡು, ಸೊಪ್ಪು ತೆಗೆದುಕೊಂಡು. ಅಷ್ಟು ಒಳ್ಳೆಯ ತಮ್ಮ ಆ ಲೈನಿನಲ್ಲಿ ಯಾರಿಗೂ ಇರಲಿಲ್ಲ. ನೋಡಲು ಬಂದ ಹೆಂಗಸರಿಗೆ ಅಕ್ಕ ಮಂಚದ ಮೇಲೆ ಕೂತು ಹೇಳುತ್ತಿದ್ದಳು: "ನನ್ ತಮ್ಮ ಎಲ್ಲಾ ಬರ್ದು ಮಡಗ್ದೇ ಓಗಿದ್ರೆ ಕಾಲೇ ತೆಗೀತಿದ್ರೇನೋ. ಎರಡ್ ಬೆಳ್ಳಲ್ಲಿ ಓಯ್ತು." ಅವರು ನನ್ನ ಕಡೆ ತಿರುಗಿ ಮೆಚ್ಚಿಕೊಂಡು ತಲೆಯಾಡಿಸುತ್ತಿದ್ದರು. ನಾನು ತಲೆ ತಗ್ಗಿಸುತ್ತಿದ್ದೆ, ಅದು ಅವರಿಗೆ ವಿನಯದಂತೆ ಕಂಡಿರಬೇಕು. ಒಂದು ಸಲ ಅಲ್ಲ, ನಾಲ್ಕೈದು ಸಲ ಹೀಗಾಯಿತು. ಬೆರಳು ಹೋದದ್ದಕ್ಕಿಂತ ಆ ಮಧ್ಯಾಹ್ನಗಳನ್ನು ಬರೆಯುವುದು ನನಗೆ ಕಷ್ಟ. ಒದ್ದೆ ಬೆರಳನ್ನು ಚುಚ್ಚುವಾಗ ನಾನು ಪೂರ್ತಿ ಯೋಚಿಸಿರಲಿಲ್ಲ ಎಂದು ಹೇಳಿಕೊಳ್ಳಬಹುದು. ಇಲ್ಲಿ ಪೂರ್ತಿ ಯೋಚಿಸಿಯೇ ಸುಮ್ಮನಿದ್ದೆ.

ಹೇಳಿದ ದಿನ ಅಕ್ಕ ಮೊದಲ ಸಲ ಮಿಷನ್ನಿನ ಮುಂದೆ ಕೂತಿದ್ದಳು. ಎಡಗಾಲಿನಿಂದ ತುಳಿಯಲು ನೋಡುತ್ತಿದ್ದಳು. ಚಕ್ರ ಒಂದು ಸುತ್ತು ಮುಂದೆ ಹೋಗಿ ಹಿಂದಕ್ಕೆ ಬರುತ್ತಿತ್ತು, ದಾರ ಕಿತ್ತುಹೋಗುತ್ತಿತ್ತು.

"ಈ ಕಾಲ್ಗೆ ಬುದ್ಧಿ ಇಲ್ಲ ಕಣ್ಲಾ" ಎಂದಳು ನಗುತ್ತಾ. "ಐವತ್ತೆಂಟ್ ವರ್ಸ ಪುಗ್ಸಟ್ಟೆ ತಿಂದ್ಕಂಡ್ ಕೂತಿತ್ತು."

ಭಾವ ಕುರ್ಚಿಯಲ್ಲಿದ್ದರು. ನಾನು ಹೇಳಿದೆ. ಹೇಗೆ ಹೇಳಿದೆ ಎಂಬುದು ನಿಜವಾಗಿ ನೆನಪಿಲ್ಲ; ಬಹಳ ಉದ್ದ ಹೇಳಿದೆ ಎಂದಷ್ಟೇ ಗೊತ್ತು. ಡೈರಿಯ ಪದ್ಧತಿಯಿಂದ ಶುರು ಮಾಡಿದೆ. ನೀರು, ಹಾಲು, ಯಂತ್ರ, ಪಟ್ಟಿ. ಭಾವ ನಡುವೆ ತಡೆದು, "ಸುತ್ಬೇಡ ಮಚ್ಚಾ. ಏನ್ ಮಾಡ್ದೆ, ಅದ್ ಏಳು" ಎಂದರು. ಆಗ ಹೇಳಿದೆ: ಜಾಸ್ತಿ ಬಂದದ್ದೇ ನಿಜವಾದ ಅಂಕಿ ಎಂದು ನನಗೆ ಗೊತ್ತಿತ್ತು, ಕಮ್ಮಿ ಬರಲಿ ಎಂದೇ ಒದ್ದೆ ಕೈ ಚುಚ್ಚುತ್ತಿದ್ದೆ, ಆ ಬೆಲ್ಲ ಸಕ್ಕರೆಯೇ ಆಗಿತ್ತು.

ಭಾವ ಎದ್ದು ಹೊರಗೆ ಹೋದರು. ಬಾಗಿಲಾಚೆ ಅವರ ಕೆಮ್ಮು ಸ್ವಲ್ಪ ಹೊತ್ತು ಕೇಳುತ್ತಿತ್ತು, ಆಮೇಲೆ ಅದೂ ದೂರವಾಯಿತು.

ಅಕ್ಕ ಬೈಯುತ್ತಾಳೆ ಎಂದುಕೊಂಡಿದ್ದೆ. ಅಳುತ್ತಾಳೆ ಎಂದುಕೊಂಡಿದ್ದೆ. 'ಓಗ್ಲಿ ಬಿಡ್ಲಾ' ಎನ್ನುತ್ತಾಳೆ ಎಂಬ ಆಸೆಯೂ ಇತ್ತು, ಅದನ್ನೂ ಬರೆದುಬಿಡುತ್ತೇನೆ. ಅವಳು ಮಿಷನ್ನಿನ ಹಲಗೆಯ ಮೇಲೆ ಎರಡೂ ಅಂಗೈ ಮೇಲೆ ಮಾಡಿ ಇಟ್ಟುಕೊಂಡು ನೋಡಿಕೊಂಡಳು.

"ಅಂಗಾರೆ ನನ್ ಕೈ ಚೆನ್ನಾಗೇ ಇತ್ತಾ?"

ನನಗೆ ಮೊದಲು ಅರ್ಥವಾಗಲಿಲ್ಲ.

"ಕೊಳೆ ಇರ್ಲಿಲ್ವಾ ಕೈಯಾಗೆ?"

"ಇರ್ಲಿಲ್ಲ ಅಕ್ಕಾ. ಮೊದಲ್ನೇ ಸಲ ಬೆಲ್ಲ ಇತ್ತು. ಆಮೇಲೆ ಯಾವತ್ತೂ ಇರ್ಲಿಲ್ಲ."

"ನಾನು ಸೋಪ್ ಆಕಿ ತೊಳ್ಕಂತಿದ್ದೆ. ನೀ ಬರೋ ಭಾನ್ವಾರ ಬೆಳಗ್ಗೇನೇ ಒಂದ್ ಕಿತ, ಗಾಡಿ ಕೂಗಿದ್ ಮ್ಯಾಲೆ ಇನ್ನೊಂದ್ ಕಿತ. ಬ್ರಶ್ ತಗಂಡು ಉಗುರೊಳಗೆಲ್ಲಾ ಉಜ್ತಿದ್ದೆ. ಆದ್ರೂ ನೀನು ಕೊಳೆ ಕೊಳೆ ಅಂತಿದ್ದೆ. ನಂಗ್ ಕಾಣ್ದಿರೋ ಕೊಳೆ ಅದೆಂಗೈತೋ, ಆ ಶುಗರ್ ಮಿಷನ್‌ಗೆ ಮಾತ್ರ ಕಾಣ್ತೈತೆ ಅಂದ್ಕಂಡೆ."

ದಾರವನ್ನು ಸೂಜಿಗೆ ಪೋಣಿಸಲು ನೋಡಿದಳು. ಮೂರು ಸಲ ತಪ್ಪಿತು. ನಾನು ಕೈ ಚಾಚಿದೆ, ಕೊಡಲಿಲ್ಲ.

"ಅವ್ರಿಬ್ರ ಮುಂದೆ ಅಂದ್ಯಲ್ಲಾ ಅವತ್ತು. ಅವ್ರು ಆಮ್ಯಾಲೆ ಬಟ್ಟೆ ಬೇರೆ ಕಡೆ ಕೊಟ್ರು. ರೇಷ್ಮೆ ಬಟ್ಟೆ, ಕೊಳೆ ಕೈಗೆ ಯಾರ್ ಕೊಡ್ತಾರೆ? ನಾನೂ ಕೇಳ್ಲಿಲ್ಲ. ಕೇಳಕ್ಕೆ ನಾಚ್ಕೆ ಆಯ್ತು."

ನಾಚಿಕೆ. ಅಲ್ಲಿಯವರೆಗೆ ಆ ಮನೆಯಲ್ಲಿ ಅದು ನನ್ನೊಬ್ಬನದು ಎಂದುಕೊಂಡಿದ್ದೆ. ತಿಂಗಳುಗಟ್ಟಲೆ ನಾನು ಅದನ್ನು ಅವಳಿಗೆ ಹೊರಿಸಿ ಬರುತ್ತಿದ್ದೆ, ಅವಳು ಬ್ರಶ್ ಹಿಡಿದು ಉಜ್ಜುತ್ತಿದ್ದಳು.

ಅದಾಗಿ ಐದು ತಿಂಗಳಾಯಿತು. ಈಗ ಅಕ್ಕನ ಶುಗರ್ ನೋಡುವವರು ಲೈನಿಗೆ ಬರುವ ಆಶಾ ಕಾರ್ಯಕರ್ತೆ. ಒಂದು ಬೆರಳು, ಒಂದು ಹನಿ, ಬಂದದ್ದನ್ನು ಬರೆಯುತ್ತಾಳೆ. ಅಂಕಿಗಳು ನಿಧಾನವಾಗಿ ಇಳಿಯುತ್ತಿವೆ. ಅಕ್ಕ ಎಡಗಾಲಿನಲ್ಲಿ ತುಳಿಯುವುದನ್ನು ಕಲಿತಿದ್ದಾಳೆ, ನೇರ ಹೊಲಿಗೆ ಬರುತ್ತದೆ, ತೋಳಿನ ತಿರುವು ಇನ್ನೂ ಬರುವುದಿಲ್ಲ. ಭಾವ ನನ್ನ ಜೊತೆ ಮಾತಾಡುತ್ತಾರೆ, ಮಚ್ಚಾ ಎನ್ನುವುದಿಲ್ಲ. ಡೈರಿಯ ಸಾಲಿನಲ್ಲಿ ನಿಂತವರಿಗೆ ತಾಟಿಬೆಲ್ಲ, ಜೇನುತುಪ್ಪ ಎರಡೂ ಬೇಡ, ನಾನು ಹೇಳಿದ್ದು ತಪ್ಪು ಎಂದು ಒಬ್ಬೊಬ್ಬರಿಗೇ ಹೇಳಿದ್ದೇನೆ. ಎಲ್ಲರಿಗೂ ಹೇಳಿದ್ದೇನೆಯೇ ಎಂದು ಖಾತ್ರಿಯಿಲ್ಲ.

ಕಳೆದ ಭಾನುವಾರ ಹೋಗಿದ್ದಾಗ, ಆಶಾ ಕಾರ್ಯಕರ್ತೆ ಆ ವಾರ ಬಂದಿಲ್ಲ ಎಂದು ತಿಳಿದು, ನಾನು ನೋಡಲೇ ಎಂದು ಕೇಳಿದೆ. ಬರೆದುಕೊಳ್ಳುವುದನ್ನು ಭಾವನೇ ಬರೆಯಲಿ ಎಂದೂ ಹೇಳಿದೆ.

"ಬ್ಯಾಡ ಕಣ್ಲಾ" ಎಂದಳು ಅಕ್ಕ. ಕೋಪವಿರಲಿಲ್ಲ. ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ಆಯಮ್ಮ ಬತ್ತಾಳೆ ನಾಳೆ ನಾಳಿದ್ದು."

ಆಮೇಲೆ ಗೋಡೆ ಹಿಡಿದು ಒಳಗೆ ಹೋಗಿ ಕಾಫಿ ಮಾಡಿ ತಂದಳು, ಸಿಹಿ ಇಲ್ಲದ್ದು. ಲೋಟ ಕೊಡುವಾಗ ಕೈ ಹೊರಗೆ ಬಂತು. ಬೆರಳುಗಳ ತುದಿ ಒರಟಾಗಿ ಸಣ್ಣ ಸಣ್ಣ ಬಿರುಕು ಬಿಟ್ಟಿತ್ತು. ನಾನು ಅವನ್ನೇ ನೋಡುತ್ತಿದ್ದೆ, ಲೋಟ ತೆಗೆದುಕೊಳ್ಳುವುದು ತಡವಾಯಿತು.

"ತೊಳ್ದಿದ್ದೀನಿ ಕಣ್ಲಾ" ಎಂದಳು ಅಕ್ಕ. "ಕುಡಿ."